ಮಾಲ್ಟಾವನ್ನು ಒಂದು ವಾರ ನಿಧಾನವಾಗಿ ನೋಡುವುದು ಹೇಗೆ: ಇತಿಹಾಸ, ಸಂಸ್ಕೃತಿ, ಕಡಲತೀರಗಳ ಸಮಗ್ರ ಮಾರ್ಗದರ್ಶಿ

ಸಿಸಿಲಿಯ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ ಇರುವ ಮಾಲ್ಟಾ ದೇಶದ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್ ಮಾತ್ರ. ಮಾಲ್ಟಾ, ಗೋಜೊ, ಕೊಮಿನೊ ಎಂಬ ಮೂರು ಮುಖ್ಯ ದ್ವೀಪಗಳೂ ಇದರಲ್ಲೇ ಸೇರಿವೆ. ಈ ಅಂಕಿಯನ್ನು ನೋಡಿದವರಲ್ಲಿ ಹಲವರು ಎರಡು ದಿನ ಸಾಕೆಂದು ಲೆಕ್ಕ ಹಾಕಿ, ಇಟಲಿ ಪ್ರವಾಸದ ಕೊನೆಗೆ ಇದನ್ನು ಜೋಡಿಸಿಕೊಳ್ಳುತ್ತಾರೆ. ಒಂದು ದಿನ ಬ್ಲೂ ಲಗೂನಿನಲ್ಲಿ ಈಜಿ, ಇನ್ನೊಂದು ದಿನ ರಾಜಧಾನಿ ವ್ಯಾಲೆಟ್ಟಾದಲ್ಲಿ ಅಡ್ಡಾಡಿ ಹಿಂದಿರುಗುತ್ತಾರೆ. ಇದು ಈ ದ್ವೀಪಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಗೀಜಾದ ಮಹಾ ಪಿರಮಿಡ್ಡಿಗಿಂತ ಸುಮಾರು ಸಾವಿರ ವರ್ಷ ಹಳೆಯದಾದ ದೇವಾಲಯಗಳು, ರೋಮನ್ನರ ಕಾಲದಿಂದ ಬಂದ ನೆಲಮಾಳಿಗೆಯ ಸಮಾಧಿಗಳು, ಹದಿನಾರನೆಯ ಶತಮಾನದ ಕೋಟೆಗಳು, ಎರಡನೆಯ ಮಹಾಯುದ್ಧದ ಬಾಂಬು ದಾಳಿಯ ಗುರುತುಗಳು ಒಂದರಿಂದೊಂದು ಅರ್ಧ ಗಂಟೆಯ ಬಸ್ ಪ್ರಯಾಣದ ಅಂತರದಲ್ಲಿ ಸಿಗುವ ದೇಶ ಇದು. ಇವನ್ನು ಸಿಕ್ಕ ಹಾಗೆ ನೋಡದೆ ಕಾಲದ ಕ್ರಮದಲ್ಲಿ ನೋಡುತ್ತಾ ಹೋದರೆ, ಏಳು ದಿನಗಳಲ್ಲಿ ಏಳು ಸಾವಿರ ವರ್ಷಗಳ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಈ ಮಾರ್ಗದರ್ಶಿಯನ್ನು ಆ ಕ್ರಮದಲ್ಲಿಯೇ ಬರೆಯಲಾಗಿದೆ.

ಹೊರಡುವ ಮೊದಲು ಇಲ್ಲಿಯ ಕಲ್ಲಿನ ಬಗ್ಗೆ ಒಂದು ಮಾತು ತಿಳಿದಿರಲಿ. ಮಾಲ್ಟಾದ ಮನೆ, ಚರ್ಚು, ಕೋಟೆಗಳು ಬಹುಪಾಲು ಗ್ಲೋಬಿಜರೀನಾ ಎಂಬ ಜೇನಿನ ಬಣ್ಣದ ಸುಣ್ಣದ ಕಲ್ಲಿನಿಂದ ಆಗಿವೆ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ಹಾಗೆ ಇದು ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗಿ, ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮೇಲೆ ಮೇಲ್ಪದರ ಗಟ್ಟಿಯಾಗುತ್ತದೆ. ಲೋಹವನ್ನೇ ಕಾಣದ ಜನ ಇಲ್ಲಿ ಬೃಹತ್ ದೇವಾಲಯಗಳನ್ನು ಕಟ್ಟಲು ಸಾಧ್ಯವಾದದ್ದಕ್ಕೂ, ನಂತರದವರು ನೆಲದೊಳಗೆ ಊರಿಗೆ ಊರನ್ನೇ ಕೊರೆದದ್ದಕ್ಕೂ ಈ ಕಲ್ಲಿನ ಗುಣವೇ ಕಾರಣ.

ಹಂತ 1: ಋತುವನ್ನು ಆರಿಸಿಕೊಳ್ಳುವುದು

ಮಾಲ್ಟಾದ ಮಳೆಗಾಲ ನಮ್ಮದಕ್ಕೆ ತದ್ವಿರುದ್ಧ. ಮಳೆ ಬರುವುದು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ. ಜೂನ್, ಜುಲೈಗಳಲ್ಲಿ ಹನಿಯೂ ಬೀಳುವುದಿಲ್ಲವೆಂದರೆ ತಪ್ಪಲ್ಲ. ಶಾಲೆಗಳ ಬೇಸಿಗೆ ರಜೆಯನ್ನು ನಂಬಿಕೊಂಡವರಿಗೆ ಏಪ್ರಿಲ್ ಮತ್ತು ಮೇ ಉತ್ತಮ ತಿಂಗಳುಗಳು: ಬಯಲಿನಲ್ಲಿ ಕಾಡುಹೂಗಳಿರುತ್ತವೆ, ನಡೆದಾಡಲು ಹಿತವಾಗಿರುತ್ತದೆ, ಆದರೆ ಕಡಲಿನ ನೀರು ಇನ್ನೂ ತಣ್ಣಗಿರುತ್ತದೆ. ಇತಿಹಾಸವೂ ಬೇಕು, ಈಜೂ ಬೇಕು ಎನ್ನುವವರಿಗೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ಅವಧಿಯನ್ನು ನಾನು ಮೊದಲು ಸೂಚಿಸುತ್ತೇನೆ. ಬೇಸಿಗೆಯಿಡೀ ಕಾದ ಸಮುದ್ರ ಆಗ ಬೆಚ್ಚಗಿರುತ್ತದೆ, ಜನಸಂದಣಿ ಇಳಿದಿರುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ತಾಪಮಾನ 35 ಡಿಗ್ರಿಯನ್ನು ದಾಟುವ ದಿನಗಳು ಬರುತ್ತವೆ. ನೆರಳಿಲ್ಲದ ಸುಣ್ಣದ ಕಲ್ಲಿನ ಬಯಲಿನಲ್ಲಿ, ಹಿರಿಯರನ್ನು ಅಥವಾ ಮಕ್ಕಳನ್ನು ಕರೆದುಕೊಂಡು, ಆ ಬಿಸಿಲಿನಲ್ಲಿ ದೇವಾಲಯಗಳನ್ನು ನೋಡುವುದು ಕಷ್ಟ. ಊರ ಹಬ್ಬಗಳಿಗಾಗಿಯೇ ಹೋಗುವವರು ಮಾತ್ರ ಆ ಕಾಲವನ್ನು ಆರಿಸಿಕೊಳ್ಳಲಿ.

ಹಂತ 2: ವೀಸಾ ಮತ್ತು ವಿಮಾನ

ಮಾಲ್ಟಾ 2004ರಲ್ಲಿ ಐರೋಪ್ಯ ಒಕ್ಕೂಟವನ್ನೂ 2007ರ ಡಿಸೆಂಬರಿನಲ್ಲಿ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯವನ್ನೂ ಸೇರಿತು. 2008ರಿಂದ ಅಲ್ಲಿಯ ಹಣ ಯೂರೊ. ಹಾಗಾಗಿ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಲ್ಪಾವಧಿಯ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲಾದರೂ ಹಾಕಿರಲೇಬೇಕು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆಯಾದರೂ ಕೆಲವು ಅರ್ಜಿಗಳು 45 ದಿನಗಳವರೆಗೆ ಎಳೆಯುವುದುಂಟು. ಆದ್ದರಿಂದ ಎರಡು, ಮೂರು ತಿಂಗಳು ಮುಂಚಿತವಾಗಿ ಕೆಲಸ ಆರಂಭಿಸುವುದು ಕ್ಷೇಮ. ವಯಸ್ಕರಿಗೆ 2024ರ ಜೂನ್‌ನಿಂದ ಶುಲ್ಕ 90 ಯೂರೊ ಆಗಿದೆ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷಗಳ ಒಳಗೆ ನೀಡಿದ್ದಾಗಿರಬೇಕು, ಹಿಂದಿರುಗುವ ದಿನದ ನಂತರ ಕನಿಷ್ಠ ಮೂರು ತಿಂಗಳು ಸಿಂಧುವಾಗಿರಬೇಕು, ಎರಡು ಖಾಲಿ ಪುಟಗಳಿರಬೇಕು. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ.

ಇಟಲಿಯನ್ನೂ ಸೇರಿಸಿಕೊಂಡು ಹೋಗುವವರು ಒಂದು ನಿಯಮವನ್ನು ಗಮನಿಸಬೇಕು: ಎಲ್ಲಿ ಹೆಚ್ಚು ದಿನ ಉಳಿಯುತ್ತೀರೋ ಆ ದೇಶದ ಮೂಲಕವೇ ಅರ್ಜಿ ಹಾಕಬೇಕು. ಬೆಂಗಳೂರಿನಿಂದ ಮಾಲ್ಟಾಕ್ಕೆ ನೇರ ವಿಮಾನವಿಲ್ಲ. ದುಬೈ ಅಥವಾ ಇಸ್ತಾಂಬುಲ್ ಮಾರ್ಗವಾಗಿ ಹೋದರೆ ವಲಸೆ ತಪಾಸಣೆ ಮಾಲ್ಟಾದಲ್ಲಿಯೇ ಆಗುತ್ತದೆ. ಫ್ರಾಂಕ್‌ಫರ್ಟ್ ಅಥವಾ ರೋಮ್ ಮಾರ್ಗವಾಗಿ ಹೋದರೆ ಆ ವಿಮಾನ ನಿಲ್ದಾಣದಲ್ಲೇ ಮುಗಿಯುತ್ತದೆ. ಎರಡನೆಯ ಸಂದರ್ಭದಲ್ಲಿ ವಿಮಾನ ಬದಲಿಸಲು ಎರಡೂವರೆ ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಳ್ಳಬೇಡಿ.

ಹಂತ 3: ವಿಮಾನಕ್ಕಿಂತ ಮೊದಲು ಹೈಪೋಜಿಯಂ ಟಿಕೆಟ್

ಪಾವ್ಲಾ ಎಂಬ ಊರಿನ ಸಾಧಾರಣ ಬೀದಿಯೊಂದರ ಕೆಳಗೆ ಹಾಲ್ ಸಾಫ್ಲಿಯೇನಿ ಹೈಪೋಜಿಯಂ ಇದೆ. 1902ರಲ್ಲಿ ಮನೆ ಕಟ್ಟುವಾಗ ಆಕಸ್ಮಿಕವಾಗಿ ಕಂಡುಬಂದ ಈ ನೆಲದಡಿಯ ಸಮಾಧಿ ಸಂಕೀರ್ಣ ಮೂರು ಅಂತಸ್ತುಗಳಲ್ಲಿ ಬಂಡೆಯೊಳಗೆ ಇಳಿಯುತ್ತದೆ. ಸುಮಾರು ಕ್ರಿ.ಪೂ. 4000ದಿಂದ 2500ರವರೆಗೆ ಇದನ್ನು ಬಳಸಲಾಗಿದ್ದು, ಸುಮಾರು 7,000 ಜನರ ಅವಶೇಷಗಳು ಇಲ್ಲಿದ್ದುವೆಂದು ಅಂದಾಜಿಸಲಾಗಿದೆ. ನಡುವಿನ ಅಂತಸ್ತಿನಲ್ಲಿ ಚಾವಣಿಯ ಮೇಲೆ ಕೆಮ್ಮಣ್ಣಿನಿಂದ ಬರೆದ ಸುರುಳಿಗಳು ಇನ್ನೂ ಉಳಿದಿವೆ. ಅದಕ್ಕಿಂತ ಬೆರಗಿನ ವಿಷಯವೆಂದರೆ, ಅಲ್ಲಿಯ ಒಂದು ಕೋಣೆಯ ಬಂಡೆಯನ್ನು ನೆಲದ ಮೇಲಿನ ದೇವಾಲಯದಂತೆಯೇ ಕೆತ್ತಲಾಗಿದೆ: ಕಂಬ, ತೊಲೆ, ಒಳಕ್ಕೆ ಚಾಚಿಕೊಳ್ಳುತ್ತಾ ಮೇಲೇರುವ ಚಾವಣಿಯ ಸಾಲುಗಳು, ಎಲ್ಲವೂ ಒಂದೇ ಬಂಡೆಯಲ್ಲಿ. ಮೇಲಿನ ದೇವಾಲಯಗಳ ಚಾವಣಿಗಳು ಬಿದ್ದುಹೋಗಿರುವುದರಿಂದ, ಅವು ಹೇಗಿದ್ದಿರಬಹುದೆಂದು ಊಹಿಸಲು ಈ ಕೆತ್ತನೆ ವಿದ್ವಾಂಸರಿಗೆ ದೊಡ್ಡ ಆಧಾರ.

ಜನರ ಉಸಿರಿನ ತೇವದಿಂದ ಗೋಡೆಗಳ ಬಣ್ಣ ಹಾಳಾಗದಿರಲೆಂದು ಒಂದು ಸಲಕ್ಕೆ ಹತ್ತು ಜನರನ್ನು, ದಿನಕ್ಕೆ ಸುಮಾರು 80 ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ಟಿಕೆಟ್‌ಗಳು ತಿಂಗಳುಗಳ ಮೊದಲೇ ಮುಗಿಯುತ್ತವೆ. ಆದ್ದರಿಂದ ಹೆರಿಟೇಜ್ ಮಾಲ್ಟಾ ಸಂಸ್ಥೆಯ ಜಾಲತಾಣದಲ್ಲಿ ದಿನಾಂಕ ಸಿಗುವುದೇ ಎಂದು ನೋಡಿ, ಆ ದಿನಾಂಕದ ಸುತ್ತ ಉಳಿದ ಪ್ರವಾಸವನ್ನು ಹೆಣೆಯಿರಿ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಛಾಯಾಚಿತ್ರ ತೆಗೆಯುವಂತಿಲ್ಲ. ಇದೇ ಸಂಸ್ಥೆ ಹಲವು ಸ್ಥಳಗಳಿಗೆ ಸೇರಿಸಿ ಒಂದು ಪಾಸ್ ನೀಡುತ್ತದೆ. ಇಲ್ಲಿ ಹೇಳುವ ಸ್ಥಳಗಳಲ್ಲಿ ಅರ್ಧವನ್ನು ನೋಡಿದರೂ ಅದು ಲಾಭವೇ. ಆದರೆ ಹೈಪೋಜಿಯಂ ಮಾತ್ರ ಆ ಪಾಸಿನಲ್ಲಿ ಸೇರುವುದಿಲ್ಲ.

ಹಂತ 4: ತಂಗುವುದು ಮತ್ತು ಓಡಾಡುವುದು

ಐದು ರಾತ್ರಿ ಮಾಲ್ಟಾದಲ್ಲಿ, ಎರಡು ರಾತ್ರಿ ಗೋಜೊದಲ್ಲಿ ಎಂಬ ಹಂಚಿಕೆ ಚೆನ್ನಾಗಿ ಹೊಂದುತ್ತದೆ. ಮಾಲ್ಟಾದಲ್ಲಿ ಇತಿಹಾಸಪ್ರಿಯರು ವ್ಯಾಲೆಟ್ಟಾ ಅಥವಾ ಬಂದರಿನ ಆಚೆ ದಡದ ಬಿರ್ಗುವಿನಲ್ಲಿ ತಂಗಲಿ. ಸ್ಲೀಮಾದಲ್ಲಿ ಹೋಟೆಲುಗಳು ಹೆಚ್ಚು, ಅಲ್ಲಿಂದ ವ್ಯಾಲೆಟ್ಟಾಕ್ಕೆ ದೋಣಿಯಿದೆ. ಚಿಕ್ಕ ಮಕ್ಕಳಿರುವವರಿಗೆ ಉತ್ತರದ ಮೆಲ್ಲೀಹಾ ಅನುಕೂಲ. ಪಾಚೆವಿಲ್ ಎಂಬ ಬಡಾವಣೆಯಲ್ಲಿ ರಾತ್ರಿಯಿಡೀ ಕ್ಲಬ್ಬುಗಳ ಸದ್ದು ಇರುವುದರಿಂದ ಕುಟುಂಬದವರು ಅದನ್ನು ಬಿಡುವುದೇ ಮೇಲು.

ಇಂಗ್ಲಿಷ್ ಇಲ್ಲಿಯ ಅಧಿಕೃತ ಭಾಷೆಗಳಲ್ಲೊಂದು. ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಪ್ಲಗ್ಗು ಮಾತ್ರ ಬ್ರಿಟನ್ನಿನ ಚಪ್ಪಟೆ ಮೂರು ಕಡ್ಡಿಯದ್ದು, ಅದಕ್ಕೆ ಅಡಾಪ್ಟರ್ ಬೇಕು. ಆದರೂ ಕಾರು ಬಾಡಿಗೆಗೆ ಪಡೆಯುವುದನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಊರುಗಳಲ್ಲಿ ನಿಲ್ಲಿಸಲು ಜಾಗ ಸಿಗುವುದು ದುರ್ಲಭ. ತಲ್ಲಿಂಜಾ ಎಂಬ ಸಾರ್ವಜನಿಕ ಬಸ್ಸುಗಳು ಇಡೀ ದ್ವೀಪವನ್ನು ತಲುಪುತ್ತವೆ, ಏಳು ದಿನದ ಪಾಸ್ ಸಿಗುತ್ತದೆ. ವ್ಯಾಲೆಟ್ಟಾದ ಕೋಟೆ ಬಾಗಿಲಿನ ಹೊರಗಿನ ನಿಲ್ದಾಣವೇ ಬಹುತೇಕ ಬಸ್ಸುಗಳ ಕೇಂದ್ರ. ಬೇಸಿಗೆಯಲ್ಲಿ ತುಂಬಿದ ಬಸ್ಸು ನಿಲ್ಲಿಸದೆ ಹೋಗುವುದುಂಟು; ಕೈ ಎತ್ತಿ ಸೂಚನೆ ಕೊಡದಿದ್ದರೆ ಖಾಲಿ ಬಸ್ಸೂ ನಿಲ್ಲದು. ಫಲಕಗಳಲ್ಲಿ ಮಾಲ್ಟಿ ಭಾಷೆಯ ಹೆಸರುಗಳನ್ನು ಓದುವಾಗ ಎಕ್ಸ್ ಅಕ್ಷರವನ್ನು ‘ಶ’ ಎಂದು ಉಚ್ಚರಿಸಿದರೆ ಸಾಕು, ದಾರಿ ಕೇಳುವುದು ಸುಲಭವಾಗುತ್ತದೆ.

ಹಂತ 5: ದೇವಾಲಯಗಳಿಂದ ಆರಂಭಿಸಿ

ಮೊದಲ ಬೆಳಿಗ್ಗೆ ದಕ್ಷಿಣ ತೀರದ ಹಜಾರ್ ಈಮ್ ಮತ್ತು ಇಮ್ನಾಯ್ದ್ರಾ ದೇವಾಲಯಗಳಿಗೆ ಹೋಗಿ. ಬಾಗಿಲು ತೆರೆಯುವ ಹೊತ್ತಿಗೇ ತಲುಪಿದರೆ ಬಿಸಿಲೂ ಗುಂಪೂ ಎರಡೂ ತಪ್ಪುತ್ತವೆ. ಹಜಾರ್ ಈಮ್ ದಿಬ್ಬದ ಮೇಲಿದೆ. ಅಲ್ಲಿಂದ ಸಮುದ್ರದ ಕಡೆಗೆ ಸುಮಾರು 500 ಮೀಟರ್ ಇಳಿದರೆ ಇಮ್ನಾಯ್ದ್ರಾ. ಎರಡಕ್ಕೂ 2009ರಲ್ಲಿ ಬಿಳಿಯ ಗುಡಾರದಂತಹ ಹೊದಿಕೆ ಹಾಕಲಾಗಿದೆ. ಚಿತ್ರ ತೆಗೆಯುವವರಿಗೆ ಇದು ಅಡ್ಡಿಯೆನಿಸಬಹುದು, ಆದರೆ ಉಪ್ಪುಗಾಳಿ, ಮಳೆಗಳಿಂದ ಹಾಳೆಹಾಳೆಯಾಗಿ ಉದುರುತ್ತಿದ್ದ ಹಜಾರ್ ಈಮಿನ ಕಲ್ಲುಗಳನ್ನು ಹತ್ತಿರದಿಂದ ನೋಡಿದ ಯಾರಿಗೂ ಆ ಹೊದಿಕೆಯ ಬಗ್ಗೆ ದೂರು ಉಳಿಯುವುದಿಲ್ಲ. ಇಮ್ನಾಯ್ದ್ರಾವನ್ನು ಹೆಚ್ಚಾಗಿ ಗಡಸಾದ ಕೋರಲೈನ್ ಸುಣ್ಣದ ಕಲ್ಲಿನಿಂದ ಕಟ್ಟಿರುವುದರಿಂದ ಅದು ಇನ್ನಷ್ಟು ಗಟ್ಟಿಯಾಗಿ ಉಳಿದಿದೆ.

ಇಮ್ನಾಯ್ದ್ರಾದ ದಕ್ಷಿಣ ದೇವಾಲಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹಗಲು ರಾತ್ರಿ ಸಮವಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳಂದು ಉದಯಿಸುವ ಸೂರ್ಯನ ಕಿರಣ ಮುಖ್ಯ ಬಾಗಿಲಿನ ಮೂಲಕ ನೇರವಾಗಿ ಒಳಗಿನ ಕೊನೆಯವರೆಗೂ ಹೋಗುತ್ತದೆ. ಜೂನ್ ಮತ್ತು ಡಿಸೆಂಬರಿನ ಅಯನಗಳಂದು ಅದು ಬಾಗಿಲಿನ ಎರಡು ಬದಿಯ ಕಲ್ಲುಗಳ ಅಂಚನ್ನು ಬೆಳಗುತ್ತದೆ. ಆ ದಿನಗಳಲ್ಲಿ ನಸುಕಿನ ವಿಶೇಷ ಭೇಟಿಗಳನ್ನು ಏರ್ಪಡಿಸುತ್ತಾರೆ, ಅದಕ್ಕೂ ಮುಂಗಡ ಟಿಕೆಟ್ ಬೇಕು. ಬರಹವಿಲ್ಲದ, ಲೋಹವಿಲ್ಲದ ರೈತಾಪಿ ಜನ ಇದನ್ನು ಲೆಕ್ಕ ಹಾಕಿ ನಿಲ್ಲಿಸಿದರೆಂಬುದು ಎಷ್ಟು ಓದಿದರೂ ಅಲ್ಲಿ ನಿಂತಾಗ ಆಗುವಷ್ಟು ಮನಸ್ಸಿಗೆ ಇಳಿಯುವುದಿಲ್ಲ.

ಹೈಪೋಜಿಯಂ ಟಿಕೆಟ್ ಇರುವ ದಿನ ಅಲ್ಲಿಂದ ನಡೆದೇ ಹೋಗಬಹುದಾದ ತಾರ್ಶಿಯೇನ್ ದೇವಾಲಯಗಳನ್ನೂ ನೋಡಿ. ಉಳುವಾಗ ಕಲ್ಲುಗಳು ಎಡವುತ್ತಿವೆಯೆಂದು ರೈತರು ಹೇಳಿದ ಮೇಲೆ, ಪುರಾತತ್ವಜ್ಞ ತೆಮಿಸ್ಟೊಕ್ಲಿಸ್ ಜಾಮಿಟ್ 1915ರಿಂದ ಇಲ್ಲಿ ಉತ್ಖನನ ನಡೆಸಿದರು. ಸುರುಳಿ ಕೆತ್ತನೆಗಳ ಜೊತೆಗೆ, ಸೊಂಟದ ಕೆಳಗಿನ ಭಾಗ ಮಾತ್ರ ಉಳಿದಿರುವ ಬೃಹತ್ ಮೂರ್ತಿಯೊಂದರ ನೆರಿಗೆಯ ಲಂಗ, ದಪ್ಪ ಕಾಲುಗಳು ಅಲ್ಲಿ ಕಾಣುತ್ತವೆ. ಸ್ಥಳದಲ್ಲಿರುವವುಗಳಲ್ಲಿ ಕೆಲವು ಪ್ರತಿಕೃತಿಗಳು. ಮೂಲಗಳು ವ್ಯಾಲೆಟ್ಟಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಹೈಪೋಜಿಯಂನಲ್ಲಿ ಸಿಕ್ಕ ‘ಮಲಗಿರುವ ಸ್ತ್ರೀ’ ಎಂಬ ಸುಟ್ಟ ಮಣ್ಣಿನ ಮೂರ್ತಿಯೂ ಅಲ್ಲಿಯೇ ಇದೆ. ಉದ್ದ ಕೇವಲ 12 ಸೆಂಟಿಮೀಟರಿನಷ್ಟು. ಒಂದು ಕೈಯನ್ನು ತಲೆಯಡಿ ಮಡಿಸಿ ಪಕ್ಕಕ್ಕೆ ಮಲಗಿರುವ ಆ ಸ್ತ್ರೀಯ ಭಾರಕ್ಕೆ ಮಂಚದ ನಡುಭಾಗ ಬಗ್ಗಿರುವುದನ್ನೂ ಶಿಲ್ಪಿ ತೋರಿಸಿದ್ದಾನೆ. ಇಡೀ ಮಾಲ್ಟಾದಲ್ಲಿ ಒಂದೇ ವಸ್ತುವನ್ನು ನೋಡಿ ಬನ್ನಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಹಂತ 6: ಇಮ್ದೀನಾ ಮತ್ತು ರಬಾತ್

ಫಿನೀಶಿಯನ್ನರು, ರೋಮನ್ನರು, 870ರಲ್ಲಿ ಅರಬ್ಬರು, 1091ರಲ್ಲಿ ನಾರ್ಮನ್ನರು ಹೀಗೆ ಬಂದವರೆಲ್ಲ ದ್ವೀಪದ ನಡುವಿನ ಎತ್ತರದ ಊರಾದ ಇಮ್ದೀನಾದಿಂದಲೇ ಆಳಿದರು. ರೋಮನ್ನರ ನಗರ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಅರಬ್ಬರು ಕೋಟೆಯನ್ನು ಕಿರಿದುಗೊಳಿಸಿದಾಗ ಹೊರಗೆ ಉಳಿದ ಭಾಗವೇ ರಬಾತ್. ಇಂದು ಗೋಡೆಯೊಳಗೆ ಮುನ್ನೂರಕ್ಕಿಂತ ಕಡಿಮೆ ಜನ ವಾಸಿಸುತ್ತಾರೆ, ಹೊರಗಿನವರ ಕಾರುಗಳಿಗೆ ಪ್ರವೇಶವಿಲ್ಲ. 1693ರ ಭೂಕಂಪದ ನಂತರ ಲೊರೆಂಜೊ ಗಾಫಾ ಮತ್ತೆ ಕಟ್ಟಿದ ಕೆಥೆಡ್ರಲ್ ಚೆನ್ನಾಗಿದೆ. ಹಗಲಿನ ಗುಂಪು ಇಳಿದ ಮೇಲೆ, ಸಂಜೆ ಆರರ ನಂತರ ಇಮ್ದೀನಾದಲ್ಲಿ ನಡೆದಾಡಿ. ಹಗಲನ್ನು ರಬಾತಿಗೆ ಕೊಡಿ.

ರಬಾತಿನ ಸಂತ ಪೌಲನ ಕೆಟಕೋಂಬುಗಳಲ್ಲಿ, ಅಂದರೆ ನೆಲಮಾಳಿಗೆಯ ಸಮಾಧಿಗಳಲ್ಲಿ, ಒಂದು ವಿವರವನ್ನು ತಪ್ಪಿಸಿಕೊಳ್ಳಬೇಡಿ. ಬಂಡೆಯಿಂದಲೇ ಬಿಡಿಸಿದ ದುಂಡನೆಯ, ಅಂಚು ಎತ್ತಿದ ತಗ್ಗು ಮೇಜುಗಳಿವೆ. ಅವುಗಳ ಸುತ್ತ ಅರ್ಧಚಂದ್ರಾಕಾರದ ಇಳಿಜಾರು ಜಗಲಿ. ಸತ್ತವರ ಬಂಧುಗಳು ಈ ಜಗಲಿಯ ಮೇಲೆ ಒರಗಿಕೊಂಡು ಶ್ರಾದ್ಧದ ಊಟ ಮಾಡುತ್ತಿದ್ದರು. ಅಕ್ಕಪಕ್ಕದ ಸಮಾಧಿಗಳಲ್ಲಿ ಬಹುದೇವತಾರಾಧಕರು, ಯೆಹೂದಿಗಳು, ಕ್ರೈಸ್ತರು ಮಲಗಿದ್ದಾರೆ. ಒಂದೆಡೆ ಯೆಹೂದಿಗಳ ಏಳು ಕವಲಿನ ದೀಪಸ್ತಂಭದ ಕೆತ್ತನೆಯಿದೆ. ಒಳಗಿನ ಮೆಟ್ಟಿಲುಗಳು ಕಿರಿದು, ಚಾವಣಿ ತಗ್ಗು. ಮಂಡಿನೋವಿರುವವರು ಮುಖ್ಯ ಸಮಾಧಿಯೊಂದನ್ನು ಮಾತ್ರ ನೋಡಿದರೆ ಸಾಕು.

ಹಂತ 7: ಮೊದಲು ಬಿರ್ಗು, ಆಮೇಲೆ ವ್ಯಾಲೆಟ್ಟಾ

ಬಹುತೇಕ ಪ್ರವಾಸಿಗರು ವ್ಯಾಲೆಟ್ಟಾ ನೋಡಿ, ಸಮಯ ಉಳಿದರೆ ಬಿರ್ಗುವಿಗೆ ಹೋಗುತ್ತಾರೆ. ಇತಿಹಾಸದ ಕ್ರಮ ಇದಕ್ಕೆ ವಿರುದ್ಧ. 1522ರಲ್ಲಿ ರೋಡ್ಸ್ ದ್ವೀಪವನ್ನು ಒಟ್ಟೋಮನ್ನರಿಗೆ ಕಳೆದುಕೊಂಡ ಸಂತ ಜಾನ್ ಪಂಥದ ನೈಟ್‌ಗಳಿಗೆ, ಅಂದರೆ ಕ್ರೈಸ್ತ ಧರ್ಮಯೋಧರಿಗೆ, ಚಕ್ರವರ್ತಿ ಐದನೆಯ ಚಾರ್ಲ್ಸ್ 1530ರಲ್ಲಿ ಮಾಲ್ಟಾವನ್ನು ಕೊಟ್ಟ; ವರ್ಷಕ್ಕೊಂದು ಬೇಟೆಯ ಡೇಗೆ ಹಕ್ಕಿ ಅದರ ಕಾಣಿಕೆ. ಅವರು ನೆಲೆಯೂರಿದ್ದು ಬಿರ್ಗುವಿನಲ್ಲಿ. 1565ರ ಹೊತ್ತಿಗೂ ವ್ಯಾಲೆಟ್ಟಾ ಇನ್ನೂ ಬೋಳು ಗುಡ್ಡ, ಅದರ ತುದಿಯಲ್ಲಿ ಸಂತ ಎಲ್ಮೊ ಕೋಟೆಯೊಂದೇ. 1565ರ ಮೇ ತಿಂಗಳಲ್ಲಿ ಸುಲ್ತಾನ್ ಸುಲೈಮಾನನ ನೌಕಾಪಡೆ ಮುತ್ತಿಗೆ ಹಾಕಿತು. ಸಂತ ಎಲ್ಮೊ ಜೂನ್ 23ರಂದು ಬಿದ್ದಿತು. ಆದರೆ ಅದು ಅಷ್ಟು ದಿನ ತಡೆದದ್ದರಿಂದ ಬಿರ್ಗು ಉಳಿಯಿತು, ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ತೆರವಾಯಿತು. ಆ ದಿನ ಇಂದಿಗೂ ರಾಷ್ಟ್ರೀಯ ರಜಾದಿನ, ಬಂದರಿನಲ್ಲಿ ದೋಣಿ ಸ್ಪರ್ಧೆ ನಡೆಯುತ್ತದೆ.

ಹಾಗಾಗಿ ಬೆಳಿಗ್ಗೆ ಬಿರ್ಗುವಿನ ಓಣಿಗಳನ್ನೂ ಸಂತ ಆಂಜೆಲೊ ಕೋಟೆಯನ್ನೂ ನೋಡಿ. ಅಲ್ಲಿಯ ಇನ್‌ಕ್ವಿಸಿಟರ್ ಅರಮನೆ, ಧರ್ಮವಿಚಾರಣೆಯ ನ್ಯಾಯಾಲಯವಾಗಿದ್ದ ಕಟ್ಟಡ, ಯುರೋಪಿನಲ್ಲಿ ಈ ಬಗೆಯದು ಉಳಿದಿರುವುದು ಬಹಳ ಅಪರೂಪ. ನಂತರ ದಡದಲ್ಲಿ ನಿಂತಿರುವ ‘ದಾಯ್ಸಾ’ ಎಂಬ ಬಣ್ಣದ ಚಿಕ್ಕ ದೋಣಿಯಲ್ಲಿ ಬಂದರನ್ನು ದಾಟಿ. ಕೋಟೆಗಳ ಗೋಡೆಗಳು ನೀರಿನಿಂದ ನೇರವಾಗಿ ಮೇಲೇಳುವುದನ್ನು ನೋಡಬೇಕಾದದ್ದು ಹಾಗೆ ನೀರಿನ ಮಟ್ಟದಿಂದಲೇ. ಆಚೆ ದಡದಿಂದ 58 ಮೀಟರ್ ಎತ್ತರದ ಲಿಫ್ಟ್ ನಿಮ್ಮನ್ನು ಅಪ್ಪರ್ ಬರಾಕಾ ಉದ್ಯಾನಕ್ಕೆ ಒಯ್ಯುತ್ತದೆ. ಮಧ್ಯಾಹ್ನ 12ಕ್ಕೆ ಅಲ್ಲಿ ಫಿರಂಗಿ ಹಾರಿಸುವ ಸಂಪ್ರದಾಯವಿದೆ, ಅದಕ್ಕೆ ಸರಿಯಾಗಿ ತಲುಪಿದರೆ ಒಳ್ಳೆಯದು.

ವ್ಯಾಲೆಟ್ಟಾಕ್ಕೆ ಅಡಿಗಲ್ಲು ಬಿದ್ದದ್ದು ಮುತ್ತಿಗೆ ಮುಗಿದ ಮರುವರ್ಷ, 1566ರ ಮಾರ್ಚ್ 28ರಂದು. ಮುತ್ತಿಗೆಯನ್ನು ಎದುರಿಸಿದ ಗ್ರ್ಯಾಂಡ್ ಮಾಸ್ಟರ್, ಅಂದರೆ ಪಂಥದ ಮುಖ್ಯಸ್ಥ, ಜ್ಯಾಂ ದ ವಾಲೆಟ್‌ನ ಹೆಸರನ್ನೇ ಅದಕ್ಕಿಟ್ಟರು. ಇಲ್ಲಿ ಸಂತ ಜಾನ್ ಕೋ-ಕೆಥೆಡ್ರಲ್‌ಗೆ ಕನಿಷ್ಠ ಎರಡು ಗಂಟೆ ಮೀಸಲಿಡಿ. ಹೊರಗೆ ಸರಳವಾದ ಕಟ್ಟಡ, ಒಳಗೆ ಚಿನ್ನದ ಲೇಪದ ಕೆತ್ತನೆ, ನೆಲದಲ್ಲಿ ಬಣ್ಣಬಣ್ಣದ ಅಮೃತಶಿಲೆಯ ಸುಮಾರು 400 ಸಮಾಧಿ ಫಲಕಗಳು. ಆ ಫಲಕಗಳಿಗೆ ಹಾನಿಯಾಗದಿರಲೆಂದು ಚೂಪು ಹಿಮ್ಮಡಿಯ ಪಾದರಕ್ಷೆಯನ್ನು ಒಳಗೆ ಬಿಡುವುದಿಲ್ಲ. ಭುಜ ಮುಚ್ಚುವ ಉಡುಪಿರಲಿ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಚಿತ್ರಕಾರ ಕ್ಯಾರವಾಜಿಯೊ 1608ರಲ್ಲಿ ಬರೆದ, ಐದು ಮೀಟರಿಗೂ ಅಗಲವಾದ, ಸಂತ ಜಾನನ ಶಿರಚ್ಛೇದದ ಚಿತ್ರವಿದೆ. ಅವನು ತನ್ನ ಹೆಸರನ್ನು ಬರೆದ ಏಕೈಕ ಚಿತ್ರ ಇದು. ಆ ಹೆಸರು ನೆಲದ ಮೇಲೆ ಹರಿದ ರಕ್ತದಲ್ಲಿದೆ. ಕೊಲೆಯ ಆರೋಪ ಹೊತ್ತು ರೋಮಿನಿಂದ ಓಡಿ ಬಂದವನನ್ನು ಪಂಥ ನೈಟ್ ಮಾಡಿತು. ಕೆಲವೇ ತಿಂಗಳಲ್ಲಿ ಜಗಳವೊಂದರ ಕಾರಣಕ್ಕೆ ಸಂತ ಆಂಜೆಲೊ ಕೋಟೆಯಲ್ಲಿ ಬಂಧಿಸಿತು. ಅವನು ತಪ್ಪಿಸಿಕೊಂಡ ಮೇಲೆ ಈ ಚಿತ್ರದ ಎದುರಿನಲ್ಲೇ ಸಭೆ ಸೇರಿ ಅವನನ್ನು ಹೊರಹಾಕಿತು. ಬೆಳಿಗ್ಗೆ ಆಂಜೆಲೊ ಕೋಟೆಯನ್ನು ನೋಡಿ ಬಂದವರಿಗೆ ಈ ಕಥೆ ಎರಡು ದಡಗಳನ್ನೂ ಜೋಡಿಸುತ್ತದೆ.

ಕನ್ನಡಿಗರು ಮರ್ಚೆಂಟ್ಸ್ ಸ್ಟ್ರೀಟ್‌ನ ಪಲಾಜೊ ಪರೀಸಿಯೊ ಎದುರು ಒಂದು ನಿಮಿಷ ನಿಂತು ಹೋಗಬೇಕೆಂದು ನನ್ನ ಆಸೆ. 1798ರ ಜೂನ್‌ನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ನೈಟ್‌ಗಳಿಂದ ಮಾಲ್ಟಾವನ್ನು ಕಸಿದುಕೊಂಡು, ಕೆಲವು ದಿನ ಈ ಮನೆಯಲ್ಲಿ ಉಳಿದಿದ್ದ. ಅದೇ ದಂಡಯಾತ್ರೆಯಲ್ಲಿ, 1799ರ ಜನವರಿಯಲ್ಲಿ, ಅವನು ಕೈರೊದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮಾಲ್ಟಾವೂ ಮರುವರ್ಷ, 1800ರಲ್ಲಿ, ಬ್ರಿಟಿಷರ ವಶವಾಯಿತು. 1964ರ ಸೆಪ್ಟೆಂಬರ್ 21ರಂದು ಸ್ವತಂತ್ರವಾಯಿತು.

ಎರಡನೆಯ ಮಹಾಯುದ್ಧದ ಕಾಲವನ್ನು ಅರಿಯಲು ಬರಾಕಾ ಉದ್ಯಾನದ ಕೆಳಗೆ ಬಂಡೆಯೊಳಗಿರುವ ಲಸ್ಕಾರಿಸ್ ಯುದ್ಧ ಕೋಣೆಗಳನ್ನೂ ಮೊಸ್ತಾ ಊರಿನ ಗುಮ್ಮಟದ ಚರ್ಚನ್ನೂ ನೋಡಿದರೆ ಸಾಕು. 1942ರ ಏಪ್ರಿಲ್ 9ರಂದು ಪೂಜೆಗೆ ಕಾದಿದ್ದ ಜನರ ನಡುವೆ ಗುಮ್ಮಟ ತೂರಿ ಬಿದ್ದ ಬಾಂಬು ಸಿಡಿಯಲೇ ಇಲ್ಲ. ಅದರ ಪ್ರತಿಕೃತಿಯನ್ನು ಚರ್ಚಿನಲ್ಲಿ ಇಟ್ಟಿದ್ದಾರೆ.

ಹಂತ 8: ಕಡಲತೀರಗಳನ್ನು ಗಾಳಿ ನೋಡಿ ಆರಿಸಿ

ಮಾಲ್ಟಾದ ತೀರ ಬಹುಪಾಲು ಕಲ್ಲಿನದು. ಮರಳಿನ ತೀರಗಳು ಹೆಚ್ಚಾಗಿ ಉತ್ತರ, ವಾಯವ್ಯಗಳಲ್ಲಿ ಇವೆ. ಮೆಲ್ಲೀಹಾದ ಆದೀರಾ ತೀರ ಎಲ್ಲಕ್ಕಿಂತ ಉದ್ದನೆಯದು. ಬಹಳ ದೂರದವರೆಗೆ ನೀರು ಆಳವಿಲ್ಲದಿರುವುದರಿಂದ ಮಕ್ಕಳಿಗೂ ಈಜು ಬಾರದವರಿಗೂ ಅದೇ ಸರಿ. ಪಶ್ಚಿಮದ ಗೋಲ್ಡನ್ ಬೇ ತೀರಕ್ಕೆ ಬಸ್ಸು ನೇರವಾಗಿ ಹೋಗುತ್ತದೆ. ಅದರ ಪಕ್ಕದ ಐನ್ ತುಫ್ಫೀಹಾಕ್ಕೆ ಸುಮಾರು 200 ಮೆಟ್ಟಿಲು ಇಳಿಯಬೇಕು. ಆ ಶ್ರಮಕ್ಕೆ ಪ್ರತಿಯಾಗಿ ಜೇಡಿಮಣ್ಣಿನ ಬೋಳು ಇಳಿಜಾರುಗಳ ನಡುವೆ ಕಟ್ಟಡಗಳಿಲ್ಲದ ತೀರ ಸಿಗುತ್ತದೆ. ನನಗೆ ಇಷ್ಟವಾದ ತೀರ ಅದೇ.

ಯಾವ ದಿನ ಯಾವ ತೀರ ಎಂಬುದನ್ನು ಗಾಳಿ ನಿರ್ಧರಿಸಲಿ. ಇಲ್ಲಿ ಹೆಚ್ಚಾಗಿ ಬೀಸುವುದು ಮಜ್ಜಿಸ್ತ್ರಾಲ್ ಎಂಬ ವಾಯವ್ಯ ಗಾಳಿ. ಅದು ಜೋರಾಗಿದ್ದರೆ ಗೋಲ್ಡನ್ ಬೇ, ಐನ್ ತುಫ್ಫೀಹಾಗಳಲ್ಲಿ ಅಲೆ ಎದ್ದು ಒಳಸೆಳೆತ ಹೆಚ್ಚುತ್ತದೆ. ಆಗ ಪೂರ್ವ, ಆಗ್ನೇಯದ ತೀರಗಳು ಶಾಂತವಾಗಿರುತ್ತವೆ. ಗ್ರಿಗಾಲ್ ಎಂಬ ಈಶಾನ್ಯ ಗಾಳಿ ಬೀಸಿದರೆ ಲೆಕ್ಕ ತಿರುವುಮುರುವು. ಬೆಳಿಗ್ಗೆ ಹವಾಮಾನ ಆ್ಯಪ್‌ನಲ್ಲಿ ಗಾಳಿಯ ದಿಕ್ಕು ನೋಡಿ ಹೊರಡುವುದು ಸ್ಥಳೀಯರ ರೂಢಿ. ರಕ್ಷಕರಿರುವ ತೀರಗಳಲ್ಲಿ ಬಾವುಟ ಗಮನಿಸಿ: ಹಸಿರು ಸುರಕ್ಷಿತ, ಹಳದಿ ಎಚ್ಚರಿಕೆ, ಕೆಂಪು ಅಪಾಯ, ಎರಡು ಕೆಂಪು ಬಾವುಟಗಳಿದ್ದರೆ ನೀರಿಗೆ ಇಳಿಯುವಂತಿಲ್ಲ, ನೇರಳೆ ಇದ್ದರೆ ಅಂಬಲಿ ಮೀನಿನ (ಜೆಲ್ಲಿಫಿಶ್) ಭಯ. ಸ್ಲೀಮಾದಂತಹ ಕಲ್ಲಿನ ತೀರಗಳಲ್ಲಿ ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಜೀವಿಗಳು ಇರುವುದರಿಂದ ರಬ್ಬರಿನ ನೀರುಬೂಟು ತೊಡಬೇಕು.

ಕೊಮಿನೊದ ಬ್ಲೂ ಲಗೂನಿನ ನೀರಿನ ಬಣ್ಣ ಚಿತ್ರಗಳಲ್ಲಿ ಕಾಣುವಂತೆಯೇ ಇದೆ, ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬೇಸಿಗೆಯ ಜನದಟ್ಟಣೆಯನ್ನು ತಡೆಯಲು 2025ರಿಂದ ಮುಂಗಡವಾಗಿ ಸಮಯ ಕಾಯ್ದಿರಿಸುವ ವ್ಯವಸ್ಥೆ ಬಂದಿದೆ. ಬೆಳಗಿನ ಮೊದಲ ದೋಣಿಯಲ್ಲಿ ಹೋಗಿ ಹನ್ನೊಂದರೊಳಗೆ ಹಿಂದಿರುಗಿ.

ಹಂತ 9: ಊಟ ಮತ್ತು ಊರ ಹಬ್ಬ

ಮೊಲದ ಮಾಂಸದ ಅಡುಗೆ ಇಲ್ಲಿಯ ರಾಷ್ಟ್ರೀಯ ಖಾದ್ಯವೆಂದು ಹೆಸರಾದರೂ ಸಸ್ಯಾಹಾರಿಗಳಿಗೆ ಕೊರತೆಯಿಲ್ಲ. ಬೆಳಗಿನ ತಿಂಡಿಗೆ ಪಸ್ತಿತ್ಸಿ ಹುಡುಕಿ: ಪದರಪದರವಾದ ಹಿಟ್ಟಿನೊಳಗೆ ರಿಕೊಟ್ಟಾ ಗಿಣ್ಣು ಅಥವಾ ಮಸಾಲೆ ಹಾಕಿ ಅರೆದ ಬಟಾಣಿ ತುಂಬಿ ಬೇಯಿಸಿದ ತಿಂಡಿ. ಒಲೆಯಿಂದ ತೆಗೆದ ಕೂಡಲೇ ತಿನ್ನಬೇಕು, ಕಚ್ಚಿದರೆ ಪದರಗಳು ಉದುರಿ ಅಂಗಿಯ ತುಂಬ ಚೂರಾಗುತ್ತವೆ. ಕೆಲವು ಅಂಗಡಿಗಳು ಹಿಟ್ಟಿಗೆ ಹಂದಿಯ ಕೊಬ್ಬು ಬಳಸುವುದರಿಂದ ಕಟ್ಟುನಿಟ್ಟಿನವರು ಕೇಳಿಯೇ ಕೊಳ್ಳಬೇಕು. ಟೊಮ್ಯಾಟೊ, ಆಲಿವ್ ಎಣ್ಣೆ, ಕೇಪರ್ ಮೊಗ್ಗು ಹಾಕಿದ ರೊಟ್ಟಿ ಹೊಬ್ಜ್ ಬಿಜ್ಜೇತ್ ಕೊಳ್ಳುವಾಗ ಟ್ಯೂನಾ ಮೀನು ಬೇಡವೆಂದು ಹೇಳಿ. ಅವರೆಯ ಜಾತಿಯ ಕಾಳಿನಿಂದ ಮಾಡಿದ ಬಿಗಿಲ್ಲಾ, ತರಕಾರಿಗಳ ಕಪುನಾತಾ, ಖರ್ಜೂರ ತುಂಬಿ ಕರಿದ ಇಮ್ಕಾರೆತ್ ಎಲ್ಲವೂ ಸಸ್ಯಾಹಾರವೇ. ನಲ್ಲಿಯ ನೀರು ಸುರಕ್ಷಿತ, ಆದರೆ ಸಮುದ್ರದ ನೀರನ್ನು ಸಿಹಿಗೊಳಿಸಿ ಬೆರೆಸಿರುವುದರಿಂದ ರುಚಿ ಹಿಡಿಸದಿರಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವಾರಾಂತ್ಯ ಯಾವುದಾದರೊಂದು ಊರಿನಲ್ಲಿ ಫೆಸ್ತಾ ನಡೆಯುತ್ತದೆ. ಊರಿನ ಸಂತನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ, ಬೀದಿಗೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ತೋರಣ, ಬ್ಯಾಂಡು, ರಾತ್ರಿ ಬಾಣಬಿರುಸು. ಆಗಸ್ಟ್ 15ರ ಸಾಂತಾ ಮಾರಿಯಾ ಹಬ್ಬಕ್ಕೆ ಇನ್ನೊಂದು ನೆನಪೂ ಸೇರಿದೆ: 1942ರ ಅದೇ ದಿನ, ಹಸಿವಿನಿಂದ ಶರಣಾಗತಿಯ ಅಂಚಿಗೆ ಬಂದಿದ್ದ ದ್ವೀಪಕ್ಕೆ ‘ಒಹಾಯೊ’ ಎಂಬ ತೈಲ ಹಡಗು ಅರೆಮುಳುಗಿದ ಸ್ಥಿತಿಯಲ್ಲಿ ಬಂದು ಸೇರಿತು. ಅದು ಸೇರಿದ್ದ ಹಡಗುಗಳ ಸಾಲನ್ನು ಮಾಲ್ಟಾದವರು ಸಾಂತಾ ಮಾರಿಯಾದ ಬೆಂಗಾವಲು ಎಂದೇ ಕರೆಯುತ್ತಾರೆ. ಮೆರವಣಿಗೆಯಲ್ಲಿ ಮೂರ್ತಿ ಹಾದುಹೋಗುವಾಗ ಎದ್ದು ನಿಂತು ದಾರಿ ಬಿಡಿ. ಚರ್ಚಿಗೆ ಈಜುಡುಗೆಯ ಮೇಲೆ ಶಾಲು ಹೊದ್ದು ಹೋಗುವುದು ಸರಿಯಲ್ಲ.

ಹಂತ 10: ಗೋಜೊ

ಚಿರ್ಕೇವಾ ಬಂದರಿನಿಂದ ಗೋಜೊದ ಇಮ್ಜಾರ್‌ಗೆ ಹಡಗಿನಲ್ಲಿ ಸುಮಾರು 25 ನಿಮಿಷ. ಹೋಗುವಾಗ ಟಿಕೆಟ್ ಕೇಳುವುದಿಲ್ಲ. ಹಿಂದಿರುಗುವಾಗ ಎರಡೂ ಕಡೆಯ ಹಣವನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ವ್ಯಾಲೆಟ್ಟಾದಿಂದ ನೇರವಾಗಿ ಹೋಗುವ ವೇಗದ ದೋಣಿಯೂ ಇದೆ. ಶಾರಾ ಊರಿನ ಜಿಗಾಂಟಿಯಾ ದೇವಾಲಯಗಳು ಸುಮಾರು ಕ್ರಿ.ಪೂ. 3600ರವು, ರಾಕ್ಷಸಿಯೊಬ್ಬಳು ಕಟ್ಟಿದಳೆಂದು ಊರಿನ ಕಥೆ. ವಿಕ್ಟೋರಿಯಾದ ಸಿಟಡೆಲ್ ಕೋಟೆಯ ಮೇಲೆ ನಿಂತರೆ ಇಡೀ ದ್ವೀಪ ಕಾಣುತ್ತದೆ. 1551ರಲ್ಲಿ ಒಟ್ಟೋಮನ್ ದಾಳಿಕೋರರು ಈ ಕೋಟೆಯನ್ನು ಹಿಡಿದು ಸುಮಾರು 5,000 ಜನರನ್ನು ಗುಲಾಮರಾಗಿ ಒಯ್ದರು, ದ್ವೀಪ ಬರಿದಾಯಿತು. ದ್ವೇರಾದ ಹೆಸರಾಂತ ಕಲ್ಲಿನ ಕಮಾನು ಅಜೂರ್ ವಿಂಡೊ 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದುಹೋಗಿದೆ, ಹಳೆಯ ಚಿತ್ರಗಳನ್ನು ನೋಡಿ ಹುಡುಕಬೇಡಿ. ಆದರೂ ಬಂಡೆಯ ಸುರಂಗದ ಮೂಲಕ ದೋಣಿಯಲ್ಲಿ ಹೊರಗಡಲಿಗೆ ಹೋಗುವ ಒಳಗಡಲು ಅಲ್ಲಿಯೇ ಇದೆ. ರಮ್ಲಾ ತೀರದ ಕೆಂಪು ಛಾಯೆಯ ಮರಳಿನಲ್ಲಿ ಒಂದು ಮಧ್ಯಾಹ್ನ ಕಳೆಯಿರಿ.

ಮರುದಿನ ಮಾರ್ಸಲ್ಫಾರ್ನ್ ಊರಿನಿಂದ ದಡದ ಗುಂಟ ಶ್ವೇಯ್ನಿಯ ಉಪ್ಪಿನ ಪಾತಿಗಳಿಗೆ ನಡೆದು ಹೋಗಿ. ಮೆತ್ತಗಿನ ಬಂಡೆಯಲ್ಲಿ ಚೌಕಚೌಕವಾಗಿ ಕೊರೆದ ಪಾತಿಗಳಲ್ಲಿ ಸಮುದ್ರದ ನೀರು ನಿಂತು, ಬೇಸಿಗೆಯ ಬಿಸಿಲಿಗೆ ಆರಿ, ತಳದಲ್ಲಿ ಉಪ್ಪು ಹರಳುಗಟ್ಟುತ್ತದೆ. ತಲೆಮಾರುಗಳಿಂದ ಇದೇ ಕೆಲಸ ಮಾಡಿಕೊಂಡು ಬಂದ ಕುಟುಂಬಗಳು ಅದನ್ನು ಪೊರಕೆಯಿಂದ ಗುಡಿಸಿ ರಾಶಿ ಹಾಕುತ್ತವೆ. ಪಾತಿಗಳ ಅಂಚು ತೆಳುವಾಗಿರುವುದರಿಂದ ಅವುಗಳ ಮೇಲೆ ಕಾಲಿಡಬೇಡಿ. ಉಪ್ಪು ಬೇಕಿದ್ದರೆ ಅವರಿಂದಲೇ ಕೊಳ್ಳಿ, ಹಗುರವಾದ ಒಳ್ಳೆಯ ಉಡುಗೊರೆ ಅದು. ಗೋಜೊದ ಜೇನುತುಪ್ಪ ಕೊಂಡರೆ ಚೆಕ್-ಇನ್ ಚೀಲದಲ್ಲಿಡಬೇಕು. ಗಾಳಿ ಜೋರಾದ ದಿನ ಗೋಜೊದ ಹಡಗುಗಳು ನಿಂತುಹೋಗುವ ಸಂಭವ ಇರುವುದರಿಂದ, ಗೋಜೊದ ಎರಡು ರಾತ್ರಿಗಳನ್ನು ವಾರದ ಕೊನೆಗೆ ಇಡದೆ ನಡುವಿನಲ್ಲೇ ಮುಗಿಸಿ. ವಿಮಾನದ ಹಿಂದಿನ ರಾತ್ರಿ ಮಾಲ್ಟಾದಲ್ಲಿಯೇ ಇರಿ.